ಉಸಿರಾಡುತ್ತಿರುವ ಕಂಪ್ಯೂಟರಿಗೆ ಮರಣಪತ್ರ

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಕಾಲವಾದದ್ದು, ಅಂದರೆ ಮೈಕ್ರೋಸಾಫ್ಟ್ ಅದಕ್ಕೆ ಎಂದಿನ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದು, ಎಲ್ಲರಿಗೂ ಗೊತ್ತು. ಜೊತೆಗೆ, ಅದನ್ನು ಹೊತ್ತಿದ್ದ ಕಂಪ್ಯೂಟರುಗಳೂ ಸಾಯಬೇಕಂತೆ. ಪರದೆ ಬೆಳಗುತ್ತಿದೆ, ಫ್ಯಾನ್ ತಿರುಗುತ್ತಿದೆ, ಕೀಲಿಮಣೆಯಲ್ಲಿ ಒಂದು ಅಕ್ಷರವೂ ಅಳಿಸಿಲ್ಲ. ಆದರೇನು, ಒಳಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲವಲ್ಲ! ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್‌ಗೂ ಹಿಂದೆ ಹುಟ್ಟಿದವರಿಗೆ, ಒಂದಿಬ್ಬರು ಪುಣ್ಯವಂತರನ್ನು ಬಿಟ್ಟರೆ, ವಿಂಡೋಸ್ 11ರ ಬಾಗಿಲು ತೆರೆಯುವುದಿಲ್ಲ. ಎಲ್ಲವೂ ನಿಮ್ಮ ಭದ್ರತೆಗಾಗಿ. ಎಂಥ ಕಾಳಜಿ!

ಹೋಗಲಿ, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಇದೆಯಲ್ಲ. ಅದರ ಒಂದೊಂದು ಬಗೆಗೂ ಡಿಸ್ಟ್ರೋ ಎನ್ನುತ್ತಾರೆ. ‘ಹಗುರವಾದ, ಭದ್ರವಾದ ಒಂದು ಡಿಸ್ಟ್ರೋ ಹೇಳಿ’ ಎಂದು ಬಲ್ಲವರನ್ನು ಕೇಳಿ ನೋಡಿ. ನಿಮಗೆ ಬೇಕಾದದ್ದು ಮೇಲ್ ನೋಡಲು, ಒಂದು ಅರ್ಜಿ ತುಂಬಲು. ಅದನ್ನು ಯಾರೂ ಕೇಳುವುದಿಲ್ಲ.

ಒಬ್ಬರು ಕಾಲಿ ಲಿನಕ್ಸ್ ಎನ್ನುತ್ತಾರೆ. ಅದು ಬೀಗ ಒಡೆದು ಪರೀಕ್ಷಿಸುವವರ ಸಾಮಾನಿನ ಚೀಲ. ತಲೆದಿಂಬಿನ ಕೆಳಗಿಟ್ಟು ಮಲಗಿದರೆ ಕಳ್ಳ ಬರುವುದಿಲ್ಲವೇ? ಇನ್ನೊಬ್ಬರದು ಕ್ಯೂಬ್ಸ್. ಒಂದೊಂದು ಕೆಲಸಕ್ಕೂ ಒಂದೊಂದು ವರ್ಚುವಲ್ ಯಂತ್ರ, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್; ನಿಜಕ್ಕೂ ಭದ್ರ. ಆದರೆ ಅದು ಬಯಸುವುದು 16 ಜಿಬಿ ರ‍್ಯಾಮ್, ನಿಮ್ಮಲ್ಲಿರುವುದು 4. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎನ್ನುತ್ತಾರೆ. ಇಲ್ಲಿ ಬ್ರಹ್ಮಾಸ್ತ್ರವನ್ನು ಗುಬ್ಬಿಯೇ ಹೊರಬೇಕು. ಹಗುರ ಬೇಕೇ? ಪಪ್ಪಿ ಇದೆ, ಇಡಿಯಾಗಿ ರ‍್ಯಾಮ್‌ನಲ್ಲೇ ಕೂತು ಚುರುಕಾಗಿ ಓಡುತ್ತದೆ. ಲಾಗಾಯ್ತಿನಿಂದ ಬಹುತೇಕ ಎಲ್ಲವನ್ನೂ ರೂಟ್ ಆಗಿಯೇ, ಅಂದರೆ ಸರ್ವಾಧಿಕಾರ ಕೊಟ್ಟೇ, ನಡೆಸುವ ಅಭ್ಯಾಸ ಅದರದು. ಬಾಗಿಲೇ ಇಲ್ಲದಿದ್ದರೆ ಮನೆ ಹಗುರವಾಗಿಯೇ ಇರುತ್ತದೆ. ಟೈನಿ ಕೋರ್ 30 ಎಂಬಿಯೂ ಇಲ್ಲ. ವೈಫೈ ಎಂಬ ದುಂದುವೆಚ್ಚ ಬೇಕೆಂದರೆ ಬೇರೆ ಪೊಟ್ಟಣ ಬಿಚ್ಚಬೇಕು.

ಹೀಗೆ ಒಂದೊಂದೇ ಎಂಬಿ ಉಳಿಸಿ ಮೀಸೆ ತಿರುವಿದವರು ಆಮೇಲೆ ಬ್ರೌಸರ್ ತೆರೆಯುತ್ತಾರೆ. ಹತ್ತು ಟ್ಯಾಬ್. ಉಳಿಸಿದ್ದೆಲ್ಲ ಒಂದೇ ತುತ್ತು.

ಭದ್ರತೆಯ ವಿಷಯ ಬಂತು, ಹೇಳಿಬಿಡುತ್ತೇನೆ. 2016ರಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೇ ನುಗ್ಗಿ, ಹಿಂಬಾಗಿಲಿಟ್ಟ ಐಎಸ್ಒ ಎಂಬ ಅನುಸ್ಥಾಪನಾ ಕಡತವನ್ನು ಜನರಿಗೆ ದಾಟಿಸಿದ್ದರು. ಅಂದಿನಿಂದ ಎಲ್ಲರೂ ಚೆಕ್‌ಸಮ್, ಅಂದರೆ ಕಡತದ ಬೆರಳಚ್ಚು, ತಾಳೆ ನೋಡಿ ಎಂದು ಉಪದೇಶಿಸುತ್ತಾರೆ. ತಾವು ನೋಡುತ್ತಾರೋ ಎಂದು ಮಾತ್ರ ಕೇಳಬಾರದು. 2024ರ ಎಕ್ಸ್‌ಜೆಡ್ ಪ್ರಕರಣ ಇನ್ನೂ ಚೆನ್ನ. ಎಕ್ಸ್‌ಜೆಡ್ ಎಂದರೆ ಕಡತ ಕುಗ್ಗಿಸುವ ಒಂದು ತಂತ್ರಾಂಶ. ಅದಕ್ಕಾಗಿ ವರ್ಷಗಟ್ಟಲೆ ಒಳ್ಳೆಯವನಾಗಿ ದುಡಿದು ನಂಬಿಕೆ ಗಳಿಸಿದ ‘ಸಹಾಯಕ’ ಹಿಂಬಾಗಿಲು ಕೊರೆದ. ಸಿಕ್ಕಿಬಿದ್ದದ್ದು ಹೇಗೆ? ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಒಬ್ಬ ಎಂಜಿನಿಯರ್‌ಗೆ ಕಿರಿಕಿರಿಯಾಯಿತು. ಲೋಕ ಉಳಿದದ್ದು ಆ ಕಿರಿಕಿರಿಯಿಂದ, ನಮ್ಮ ಡಿಸ್ಟ್ರೋ ಜಗಳದಿಂದಲ್ಲ.

ನಿಜ ಹೇಳಬೇಕೆಂದರೆ ನಗು ಬತ್ತಿದೆ. ಡೆಬಿಯನ್ ಸ್ಟೇಬಲ್ ಹಾಕಿ, ಮೇಲೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್, ಇಲ್ಲವೇ ಲುಬುಂಟು ಎಂಬ ಡಿಸ್ಟ್ರೋ. ಅಪ್‌ಡೇಟ್ ತಾನಾಗಿ ಬರುವಂತೆ ಮಾಡಿ, ಎದ್ದು ಬನ್ನಿ. ಒಂದು ಮಧ್ಯಾಹ್ನದ ಕೆಲಸ. ಇಷ್ಟನ್ನು ಹೇಳಲು ನಮಗೆ ನಾಚಿಕೆ, ಯಾಕೆಂದರೆ ಇದರಲ್ಲಿ ನಮ್ಮ ಜಾಣತನ ಕಾಣುವುದಿಲ್ಲ. ಚೆನ್ನಾಗಿರುವ ಯಂತ್ರವನ್ನು ಒಬ್ಬರು ಕಸವೆಂದರು. ಉಳಿಸುತ್ತೇವೆಂದು ಬಂದ ನಾವು ಅದರ ಮೇಲೆ ಕೂತು ಪಾಂಡಿತ್ಯ ಪ್ರದರ್ಶಿಸುತ್ತಿದ್ದೇವೆ.

ಚರ್ಚೆ ಈಗ ಲಿನಕ್ಸ್ ಒಳಗಿನ ಸೇವೆಗಳನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿ ಬೇಕೇ ಬೇಡವೇ ಎಂಬಲ್ಲಿಗೆ ಬಂದಿದೆ. ಪ್ರಶ್ನೆ ಕೇಳಿದವರು ಯಾವಾಗಲೋ ಎದ್ದು ಹೋಗಿ, ಅಪ್‌ಡೇಟ್ ಇಲ್ಲದ ಅದೇ ವಿಂಡೋಸ್ 10ರಲ್ಲಿ ಅರ್ಜಿ ತುಂಬುತ್ತಿದ್ದಾರೆ.