ಸೂಚನೆ ಜಾಸ್ತಿಯಾದರೂ ಕಷ್ಟ

ರೋಗಿಯ ವಿವರ ದಾಖಲಿಸುವಾಗ ಕಂಪ್ಯೂಟರ್ ಸ್ಕ್ರೀನ್ ಮೇಲೆ ಸೂಚನೆ ಕೊಟ್ಟು ನೆನಪಿಸಿದರೆ ವೈದ್ಯರು ಯಾವ ತಪಾಸಣೆಯನ್ನೂ ಮರೆಯುವುದಿಲ್ಲ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನಾಗಿ ಅರ್ಧ ಒಪ್ಪುತ್ತೇನೆ. ಸಕ್ಕರೆ ಕಾಯಿಲೆಯವರ ಕಣ್ಣು, ಪಾದ ವರ್ಷಕ್ಕೊಮ್ಮೆಯಾದರೂ ನೋಡಬೇಕು. ಓಪಿಡಿ (ಹೊರರೋಗಿ ವಿಭಾಗ) ಗದ್ದಲದಲ್ಲಿ ಎಷ್ಟೋ ಸಲ ಮರೆತಿದ್ದೇನೆ, ಸ್ಕ್ರೀನ್ ನೆನಪಿಸಿದೆ. ಆದರೆ ಪ್ಯಾರಾಸಿಟಮಾಲ್ ಬರೆದರೂ ಎಚ್ಚರಿಕೆ ಬಂದರೆ? ನಾಲ್ಕು ದಿನದಲ್ಲಿ ಓದದೇ 'ಓಕೆ' ಒತ್ತುವುದು ಕೈಗೆ ರೂಢಿಯಾಗುತ್ತದೆ. ಮೊನ್ನೆ ಹಾಗೆ ಸುಮ್ನೆ ಒತ್ತಿದ್ದರಲ್ಲಿ ಬಿಪಿ 170/100ಕ್ಕೆ ಏರಿದ್ದ ಅಜ್ಜಿಯೊಬ್ಬರ ಸೂಚನೆಯೂ ಇತ್ತು. ನಮ್ಮ ನರ್ಸ್ ಗಮನಿಸಿ ಬಾಗಿಲಲ್ಲೇ ತಡೆದರು, ಪುಣ್ಯ. ಇನ್ನು ನೆಟ್ ಇಲ್ಲದ ದಿನ ರಿಜಿಸ್ಟರ್‌ನಲ್ಲಿ ಬರೆದಿಟ್ಟು ಸಂಜೆ ಕಂಪ್ಯೂಟರ್‌ಗೆ ಹಾಕುತ್ತೇವೆ. ಆಗ ಸೂಚನೆ ಬರುತ್ತದೆ, ನಿಜ. ರೋಗಿ ಅಷ್ಟೊತ್ತಿಗೆ ಊರಿನ ಬಸ್ ಹತ್ತಿ ಹೋಗಿರುತ್ತಾರೆ, ಅಲ್ವಾ?