ಬಹಿಷ್ಕಾರ 26: ಹೊಸ ಆವೃತ್ತಿ ಬಂದಿದೆ, ತಗೊಳ್ಳಿ

ಈ ವರ್ಷದ ಬಹಿಷ್ಕಾರ ಬಿಡುಗಡೆಯಾಗಿದೆ. ಕಾಸರಗೋಡು, ಬದಿಯಡ್ಕ, ಉಪ್ಪಳ, ಎಲ್ಲಾ ಕಡೆ ಒಟ್ಟಿಗೇ. ಹೋದ ವರ್ಷದ್ದಕ್ಕಿಂತ ಗ್ರಾಫಿಕ್ಸ್ ಚೆನ್ನಾಗಿದೆ. ಎತ್ತಿದ ಮುಷ್ಟಿ ಈ ಸಲ ಕೆಂಪಗೆ ಹೊಳೆಯುತ್ತದೆ, ವಾಟ್ಸಾಪ್ ಡಿಪಿಯ ಅಳತೆಗೆ ಸರಿಯಾಗಿ ಕೂರುತ್ತದೆ. ಕಥೆ ಮಾತ್ರ ಅದೇ. ದೊಡ್ಡ ಗೇಮ್ ಕಂಪೆನಿಗಳು ಒಂದೇ ಆಟವನ್ನು ವರ್ಷ ವರ್ಷವೂ ಹೆಸರಿನ ಹಿಂದಿನ ನಂಬರ್ ಬದಲಾಯಿಸಿ ಮಾರುತ್ತಿವೆ, ಇನ್ನು ಮುಂದೆ ನಮ್ಮಿಂದ ಒಂದು ಪೈಸೆ ಹುಟ್ಟುವುದಿಲ್ಲ, ಇದು ಕೊನೆಯ ಎಚ್ಚರಿಕೆ. ಹೋದ ವರ್ಷದ್ದೂ ಕೊನೆಯ ಎಚ್ಚರಿಕೆಯೇ ಆಗಿತ್ತು. ಅದರ ಹಿಂದಿನ ವರ್ಷದ್ದೂ.

ಹೊಸಬರಿಗೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಈ ಸರಣಿಯ ಹೆಸರಾಂತ ಆವೃತ್ತಿಗಳು ಬಂದದ್ದು 2009ರಲ್ಲಿ, ಅದೂ ಒಂದೇ ವರ್ಷ ಎರಡು. ವಾಲ್ವ್ ಕಂಪೆನಿ 2008ರ ನವೆಂಬರಿನಲ್ಲಿ ‘ಲೆಫ್ಟ್ 4 ಡೆಡ್’ ತಂದಿತ್ತು. ವರ್ಷ ತುಂಬುವಷ್ಟರಲ್ಲಿ ಎರಡನೇ ಭಾಗ ಬರುತ್ತದೆ ಅಂತ ಹೇಳಿದ್ದೇ ತಡ, ಜನ ಸಿಡಿದೆದ್ದು ಬಹಿಷ್ಕಾರದ ಗುಂಪು ಕಟ್ಟಿದರು. ಸದಸ್ಯರ ಸಂಖ್ಯೆ 37,000 ದಾಟಿತು. ಕಂಪೆನಿ ಎಂತ ಮಾಡಿತು ಗೊತ್ತುಂಟಾ? ಗುಂಪಿನ ಇಬ್ಬರು ಮುಖಂಡರನ್ನು ವಿಮಾನದಲ್ಲಿ ತನ್ನ ಆಫೀಸಿಗೆ ಕರೆಸಿಕೊಂಡಿತು, ಇನ್ನೂ ಅಂಗಡಿಗೆ ಬಾರದ ಆ ಆಟವನ್ನೇ ಆಡಲು ಕೊಟ್ಟಿತು. ಮುಖಂಡರಿಗೆ ಆಟ ಇಷ್ಟವಾಯಿತು. ಆಟ ಬಿಡುಗಡೆಯಾಗುವ ಮೊದಲೇ ಬಹಿಷ್ಕಾರ ಮುಗಿಯಿತು.

2009ರ ನವೆಂಬರಿನಲ್ಲೇ ಆಕ್ಟಿವಿಷನ್‌ನವರ ‘ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2’ ಬಂತು. ಕಂಪ್ಯೂಟರಿನಲ್ಲಿ ಆಡುವವರಿಗೆ ಬೇಕಾದ ಸರ್ವರ್ ವ್ಯವಸ್ಥೆ ತೆಗೆದುಹಾಕಿದ್ದಾರೆ ಅಂತ ಸಿಟ್ಟು. ಕಂಪ್ಯೂಟರ್ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಮತ್ತೊಂದು ಗುಂಪು. ಸ್ಟೀಮ್‌ನಲ್ಲಿ ಒಂದು ತಾಪತ್ರಯ ಉಂಟು, ಯಾರು ಈಗ ಯಾವ ಆಟ ಆಡುತ್ತಿದ್ದಾರೆ ಅಂತ ಹೆಸರಿನ ಕೆಳಗೇ ತೋರಿಸಿಬಿಡುತ್ತದೆ. ಆಟ ಬಂದ ಮೇಲೆ ಯಾರೋ ಪುಣ್ಯಾತ್ಮ ಬಹಿಷ್ಕಾರ ಗುಂಪಿನ ಸದಸ್ಯರ ಪಟ್ಟಿ ತೆರೆದು ಸ್ಕ್ರೀನ್‌ಶಾಟ್ ತೆಗೆದ. ಹೆಸರು, ಮಾಡರ್ನ್ ವಾರ್‌ಫೇರ್ 2. ಇನ್ನೊಂದು ಹೆಸರು, ಮಾಡರ್ನ್ ವಾರ್‌ಫೇರ್ 2. ಸಾಲಾಗಿ. ಆ ಚಿತ್ರವನ್ನು ನಾನು ಈಗಲೂ ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇನೆ, ಮನಸ್ಸಿಗೆ ಬೇಜಾರಾದಾಗ ನೋಡಲಿಕ್ಕೆ.

ಇಂಥ ಪರಂಪರೆಗೆ ನಮ್ಮ ಗಡಿನಾಡಿನ ಕೊಡುಗೆ ಇಲ್ಲದಿದ್ದರೆ ಹೇಗೆ? ಕಾಸರಗೋಡಿನ ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಗಂಟೆ ಲೆಕ್ಕದಲ್ಲಿ ಪ್ಲೇಸ್ಟೇಷನ್ ಆಡಿಸುವ ಒಂದು ಸೆಂಟರ್ ಉಂಟು. ಬಹಿಷ್ಕಾರ ಕ್ರಿಯಾ ಸಮಿತಿಯ ಸಭೆ ಅಲ್ಲೇ ನಡೆಯುತ್ತದೆ, ಯಾಕೆಂದರೆ ಎಸಿ ಇರುವುದು ಅಲ್ಲಿ ಮಾತ್ರ. ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ, ಎಲ್ಲ ಇದ್ದಾರೆ. ನಮ್ಮ ಊರಲ್ಲಿ ಇಬ್ಬರು ಒಟ್ಟಿಗೆ ಚಾ ಕುಡಿದರೆ ಮೂರನೆಯವನು ಬಂದು ಸಮಿತಿ ಮಾಡುತ್ತಾನೆ, ಇದು ನಿಮಗೆ ಗೊತ್ತಿರುವುದೇ.

ಸದಸ್ಯರಲ್ಲಿ ನಾನಾ ಬಗೆ. ಕೆಲವರ ಮಾವ ಶಾರ್ಜಾದಲ್ಲಿ. ಮಾವ ಬರುವಾಗ ಪೆಟ್ಟಿಗೆಯಲ್ಲಿ ಸೆಂಟ್ ಬಾಟಲಿ, ಬಾದಾಮಿ, ಮತ್ತು ಹೊಸ ಫಿಫಾ ಫುಟ್‌ಬಾಲ್ ಆಟದ ಡಿಸ್ಕ್. (2023ರಿಂದ ಅದರ ಹೆಸರು ‘ಇಎ ಸ್ಪೋರ್ಟ್ಸ್ ಎಫ್‌ಸಿ’. ಅದನ್ನು ಮಾಡುವ ಇಎ ಕಂಪೆನಿಗೂ ಫುಟ್‌ಬಾಲ್ ಸಂಸ್ಥೆ ಫಿಫಾಕ್ಕೂ ಒಪ್ಪಂದ ಮುರಿದುಬಿತ್ತು. ಮೊಗ್ರಾಲಿನಲ್ಲಿ ಹೋಗಿ ಎಫ್‌ಸಿ ಅಂತ ಹೇಳಿ ನೋಡಿ, ಒಂದು ಹುಡುಗ ತಿರುಗಿ ನೋಡುವುದಿಲ್ಲ.) ಇನ್ನು ಕೆಲವರು ಜೀವನದಲ್ಲಿ ಒಂದು ಆಟಕ್ಕೂ ದುಡ್ಡು ಕೊಟ್ಟವರಲ್ಲ. ಮಂಗಳೂರಿನಿಂದ ತಂದ ಕಳ್ಳ ಸಿಡಿಯಲ್ಲಿ ‘ವೈಸ್ ಸಿಟಿ’ ಆಡಿ ಬೆಳೆದವರು, ಈಗ ಕ್ರ್ಯಾಕ್ ಹಾಕಿ ಆಡುವವರು. ಭಾಷಣದಲ್ಲಿ ಗಂಟಲು ಜಾಸ್ತಿ ಇವರದ್ದೇ. ಮೂರನೆಯವರು ಬಿಜಿಎಂಐ ಹುಡುಗರು. ಮೂಲ ಪಬ್‌ಜಿಯನ್ನು ಸರ್ಕಾರ 2020ರಲ್ಲಿ ನಿಷೇಧಿಸಿತು, 2021ರಲ್ಲಿ ಅದು ಬಿಜಿಎಂಐ ಅಂತ ಹೆಸರು ಬದಲಿಸಿ ಬಂತು, 2022ರಲ್ಲಿ ಅದನ್ನೂ ನಿಲ್ಲಿಸಿದರು, 2023ರಲ್ಲಿ ಮತ್ತೆ ಬಂತು. ಕೇಂದ್ರ ಸರ್ಕಾರವೇ ಎರಡು ಸಲ ಬಿಡಿಸಲು ನೋಡಿ ಆಗದ್ದನ್ನು ಬಸ್‌ಸ್ಟ್ಯಾಂಡ್ ಸಮಿತಿಯ ಠರಾವು ಬಿಡಿಸುತ್ತದಂತೆ.

ಕಾರ್ಯದರ್ಶಿ ಡಿಗ್ರಿ ಕೊನೇ ವರ್ಷದ ಹುಡುಗ. ಅವನ ಭಾಷಣ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ‘ಕಾಲ್ ಆಫ್ ಡ್ಯೂಟಿ’ 2003ರಲ್ಲಿ ಶುರುವಾದದ್ದು, 2005ರಿಂದ ಒಂದು ವರ್ಷವೂ ತಪ್ಪಿಸದೆ ಬಂದಿದೆ ಅಂದ. ಅಷ್ಟು ವರ್ಷ ಆದ ಮೇಲೆ ಹೆಸರಿಗೂ ಬರ ಬಂದು, 2009ರ ‘ಮಾಡರ್ನ್ ವಾರ್‌ಫೇರ್ 2’ ಎಂಬ ಹೆಸರನ್ನೇ 2022ರಲ್ಲಿ ಇನ್ನೊಂದು ಆಟಕ್ಕೆ ಇಟ್ಟರು. ಅಂಕಿ ಮಾತ್ರ ರೋಮನ್. ‘ಸ್ಕೈರಿಮ್’ 2011ರದ್ದು. 2016ರಲ್ಲಿ ವಿಶೇಷ ಆವೃತ್ತಿ, 2017ರಲ್ಲಿ ನಿಂಟೆಂಡೊದವರ ಆಟದ ಯಂತ್ರ ಸ್ವಿಚ್‌ಗೆ, ಅದೇ ವರ್ಷ ತಲೆಗೆ ಕಟ್ಟಿಕೊಳ್ಳುವ ವಿಆರ್‌ಗೆ, 2021ರಲ್ಲಿ ಹತ್ತನೇ ವರ್ಷದ ಆವೃತ್ತಿ. ನಡುವೆ 2018ರಲ್ಲಿ ಅಲೆಕ್ಸಾದಲ್ಲಿ ಬಾಯಲ್ಲೇ ಹೇಳಿ ಆಡುವ ಸ್ಕೈರಿಮ್ ಬೇರೆ. ಅದನ್ನು ತಮಾಷೆಗೆ ಮಾಡಿದ್ದು, ಆದರೆ ನಿಜವಾಗಿಯೂ ಮಾಡಿದರು. 2014ರ ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’ಯನ್ನು ಎಷ್ಟು ಅವಸರದಲ್ಲಿ ತಂದರೆಂದರೆ ಕೆಲವರ ಆಟದಲ್ಲಿ ಪಾತ್ರಗಳಿಗೆ ಮುಖವೇ ಇರಲಿಲ್ಲ, ಬರೀ ಕಣ್ಣುಗುಡ್ಡೆ ಮತ್ತು ಹಲ್ಲು ಗಾಳಿಯಲ್ಲಿ ತೇಲುತ್ತಿದ್ದವು. ಯೂಬಿಸಾಫ್ಟ್ ಕ್ಷಮೆ ಕೇಳಿ ಇನ್ನೊಂದು ಆಟ ಪುಕ್ಕಟೆ ಕೊಡಬೇಕಾಯಿತು.

ನನಗೆ ಜಾಸ್ತಿ ಖುಷಿ ಕೊಟ್ಟದ್ದು ನಿಂಟೆಂಡೊ ಸ್ವಿಚ್‌ನ ಫಿಫಾ ಕಥೆ. ಅಲ್ಲಿ ಹಳೇ ಆಟಕ್ಕೇ ಹೊಸ ಜೆರ್ಸಿ, ಹೊಸ ಆಟಗಾರರ ಪಟ್ಟಿ ಹಾಕಿ ‘ಲೆಗಸಿ ಎಡಿಷನ್’ ಅಂತ ಮಾರಿದರು. ಫಿಫಾ 21 ಬಂದಾಗ ಆಟಗಳ ವಿಮರ್ಶೆ ಬರೆಯುವ ಜಾಲತಾಣ ಐಜಿಎನ್‌ನವರು ಹೊಸ ವಿಮರ್ಶೆ ಬರೆಯುವ ಗೋಜಿಗೇ ಹೋಗಲಿಲ್ಲ. ಹಿಂದಿನ ವರ್ಷದ ವಿಮರ್ಶೆಯನ್ನೇ ತೆಗೆದು ಮತ್ತೆ ಹಾಕಿದರು, ಹತ್ತಕ್ಕೆ ಎರಡು ಅಂಕ. ಆಹಾ, ಪತ್ರಿಕೋದ್ಯಮ ಅಂದರೆ ಇದು.

ಇಷ್ಟರಲ್ಲಿ ಮಾಷ್ಟ್ರು ಬಂದರು. ಮೊಮ್ಮಗನನ್ನು ಹುಡುಕಿಕೊಂಡು. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಹಿಂದಿನ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿದರು.

“ನಿಮ್ಮ ತಕರಾರು ಎಂತ ಮಗ? ಒಂದೇ ಕಥೆಯನ್ನು ವರ್ಷ ವರ್ಷ ಆಡಿಸುತ್ತಾರೆ ಅಂತಲಾ?”

“ಹೌದು ಮಾಷ್ಟ್ರೇ.”

“ಕಟೀಲಿನ ಯಕ್ಷಗಾನ ಮೇಳದವರು ದೇವಿ ಮಹಾತ್ಮೆ ಎಷ್ಟು ವರ್ಷದಿಂದ ಆಡುತ್ತಿದ್ದಾರೆ? ಮಹಿಷಾಸುರ ಸಾಯುತ್ತಾನೆ ಅಂತ ಗೊತ್ತಿದ್ದೇ ಜನ ಹರಕೆ ಹೇಳಿ ವರ್ಷಗಟ್ಟಲೆ ಕಾಯುವುದಲ್ವಾ? ಪಾರ್ತಿಸುಬ್ಬನ ಊರಲ್ಲಿ ಕೂತು ಒಂದೇ ಪ್ರಸಂಗ ಬೇಡ ಅಂದರೆ ಹೇಗೆ ಮಾರಾಯ?”

ಸಭೆ ತಬ್ಬಿಬ್ಬಾಯಿತು. ಕುಂಬಳೆ ಸೀಮೆಯಲ್ಲಿ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರು ತೆಗೆದರೆ ಎದುರು ಮಾತಾಡುವವರು ಯಾರು? ಆದರೆ ಮೂಲೆಯಲ್ಲಿದ್ದ ಮೊಮ್ಮಗ ಸುಮ್ನೆ ಇರಲಿಲ್ಲ.

“ಅಜ್ಜ, ಮೇಳದವರು ಮಹಿಷಾಸುರನ ಕೊಂಬನ್ನು ಪ್ಯಾಕೆಟಲ್ಲಿ ಹಾಕಿ ಬೇರೆ ಮಾರುತ್ತಾರಾ?”

ಹುಡುಗ ವಿವರಿಸಿದ. ಈ ಫುಟ್‌ಬಾಲ್ ಆಟದಲ್ಲಿ ‘ಅಲ್ಟಿಮೇಟ್ ಟೀಮ್’ ಅಂತ ಒಂದು ಉಂಟು. ದುಡ್ಡು ಕೊಟ್ಟು ಪ್ಯಾಕೆಟ್ ಒಡೆಯಬೇಕು. ಒಳಗೆ ಒಳ್ಳೆ ಆಟಗಾರ ಇರಬಹುದು, ಯಾರೂ ಕೇಳದ ಗೋಲ್‌ಕೀಪರ್ ಇರಬಹುದು, ಅದೃಷ್ಟ. ಹೀಗೆ ವರ್ಷವಿಡೀ ತಂಡ ಕಟ್ಟಿದ ಮೇಲೆ ಸೆಪ್ಟೆಂಬರಿನಲ್ಲಿ ಹೊಸ ಆಟ ಬರುತ್ತದೆ, ಹಳೇ ತಂಡದ ಒಬ್ಬನೂ ಅದಕ್ಕೆ ಬರುವುದಿಲ್ಲ. ಮತ್ತೆ ಒಂದರಿಂದ ಶುರು. ಬೆಲ್ಜಿಯಂ ದೇಶ 2018ರಲ್ಲೇ ಇದು ಜೂಜು ಅಂತ ಹೇಳಿತು, 2019ರ ಜನವರಿಯಲ್ಲಿ ಕಂಪೆನಿ ಅಲ್ಲಿ ಪ್ಯಾಕೆಟ್ ಕೊಳ್ಳಲಿಕ್ಕೆ ಬೇಕಾದ ಪಾಯಿಂಟ್ ಮಾರುವುದನ್ನು ನಿಲ್ಲಿಸಿತು.

“ಹಾಗಾದರೆ ಇದು ಜಾತ್ರೆಯ ಜುಗಾರಿ,” ಅಂದರು ಮಾಷ್ಟ್ರು. “ಇದನ್ನು ಮೊದಲು ಬರೆಯಿರಿ. ಒಂದೇ ಕಥೆ ಎಂಬುದು ತಕರಾರೇ ಅಲ್ಲ. ಅದೇ ಪ್ರಸಂಗಕ್ಕೆ ಹೊಸ ಅರ್ಥ ಹೇಳಲಿಕ್ಕೆ ಬಾರದಿದ್ದರೆ ತಕರಾರು, ವೇಷದ ಕಿರೀಟ ಅಡವಿಟ್ಟು ದುಡ್ಡು ಮಾಡಿದರೆ ತಕರಾರು.”

ನನಗಂತೂ ಇಡೀ ಸಭೆಯಲ್ಲಿ ಕಿವಿಗೆ ಬಿದ್ದ ಸರಿಯಾದ ಮಾತು ಅದೊಂದೇ. ದಿನಾ ಸರ್ಕಾರಿ ಲಾಟರಿ ಡ್ರಾ ಆಗುವ ಕೇರಳದಲ್ಲಿ ಕೂತು ಹೇಳುವಾಗ ಸ್ವಲ್ಪ ಮುಜುಗರ ಆಗಬಹುದು, ಆಗಲಿ. ಆದರೆ ಠರಾವಿನಲ್ಲಿ ಆ ಮಾತು ಬರಲಿಲ್ಲ. ಕಾರಣ, ಕಾರ್ಯದರ್ಶಿಯ ಸ್ವಂತ ಅಲ್ಟಿಮೇಟ್ ಟೀಮಿನಲ್ಲಿ ಎಂಬಪ್ಪೆ ಇದ್ದಾನೆ, ಮತ್ತು ಅವನು ಸಿಗುವ ತನಕ ಒಡೆದ ಪ್ಯಾಕೆಟುಗಳ ಲೆಕ್ಕ ಮನೆಯಲ್ಲಿ ಇನ್ನೂ ಹೇಳಿಲ್ಲ.

ಇನ್ನು ಕಂಪೆನಿಗಳ ಕಡೆಯ ಕಥೆ. ಅವರೇನೂ ಕೆಟ್ಟ ಬುದ್ಧಿಯಿಂದ ಹೀಗೆ ಮಾಡುವುದಲ್ಲ, ಹೆದರಿಕೆಯಿಂದ. ‘ಕಾಲ್ ಆಫ್ ಡ್ಯೂಟಿ’ ಸರಣಿಯ ‘ಬ್ಲ್ಯಾಕ್ ಆಪ್ಸ್ ಕೋಲ್ಡ್ ವಾರ್’ ಆಟದ ಒಟ್ಟು ಖರ್ಚು 70 ಕೋಟಿ ಡಾಲರ್ ದಾಟಿತ್ತು ಎಂದು ಅಮೆರಿಕದ ಕೋರ್ಟಿಗೆ ಸಲ್ಲಿಸಿದ ದಾಖಲೆಯಲ್ಲಿ ಉಂಟು. ಅಷ್ಟು ದುಡ್ಡು ಹಾಕುವವನು ಹೊಸ ಕಥೆ ಬೇಕು ಅನ್ನುತ್ತಾನಾ? ಹಳೇದರ ಮೇಲೆ ನಂಬರ್ ಹಾಕು ಅನ್ನುತ್ತಾನೆ. ಹೊಸದನ್ನು ಮಾಡಿದವರ ಗತಿಯೂ ನೋಡಿ. ಟ್ಯಾಂಗೊ ಗೇಮ್‌ವರ್ಕ್ಸ್‌ನವರು 2023ರಲ್ಲಿ ‘ಹೈ-ಫೈ ರಶ್’ ತಂದರು. ಪೂರಾ ಹೊಸ ಕಲ್ಪನೆ, ಎಲ್ಲರೂ ಹೊಗಳಿದರು, ಪ್ರಶಸ್ತಿಯೂ ಬಂತು. ಮರು ವರ್ಷದ ಮೇ ತಿಂಗಳಲ್ಲಿ ಒಡೆಯ ಮೈಕ್ರೋಸಾಫ್ಟ್ ಆ ಸ್ಟುಡಿಯೋ ಮುಚ್ಚುವುದಾಗಿ ಹೇಳಿತು. ಬಿಜಿಎಂಐ ನಡೆಸುವ ಕ್ರಾಫ್ಟನ್‌ನವರು ಬಂದು ಎತ್ತಿಕೊಂಡರು ಅನ್ನುವುದು ಬೇರೆ ಮಾತು. ಇತ್ತ 2013ರ ‘ಜಿಟಿಎ 5’ ಮೂರು ತಲೆಮಾರಿನ ಪ್ಲೇಸ್ಟೇಷನ್‌ನಲ್ಲಿ ಬಂದು, ಎಲ್ಲ ಯಂತ್ರಗಳದ್ದೂ ಸೇರಿ 20 ಕೋಟಿ ಪ್ರತಿ ದಾಟಿದೆ. ಆ 20 ಕೋಟಿಯಲ್ಲಿ ನಮ್ಮ ಸಮಿತಿಯವರ ಪ್ರತಿ ಬಹಳ ಕಡಿಮೆ, ಅದು ಮಾತ್ರ ನಾನು ಎದೆ ತಟ್ಟಿ ಹೇಳಬಲ್ಲೆ.

ಬಹಿಷ್ಕಾರದಿಂದ ಎಂತದೂ ಆಗುವುದಿಲ್ಲ ಅಂತ ಹೇಳಲೂ ಆಗುವುದಿಲ್ಲ. 2017ರ ನವೆಂಬರಿನಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಬರುವಾಗ ಜನ ಎಷ್ಟು ಬೈದರೆಂದರೆ ಇಎ ಕಂಪೆನಿ ಕೊಟ್ಟ ಸಮಜಾಯಿಷಿಗೆ ರೆಡಿಟ್‌ನಲ್ಲಿ ಆರು ಲಕ್ಷಕ್ಕೂ ಜಾಸ್ತಿ ‘ಬೇಡ’ ಓಟು ಬಿತ್ತು, ಗಿನ್ನೆಸ್ ದಾಖಲೆಯಾಯಿತು. ಬಿಡುಗಡೆಯ ಹೊತ್ತಿಗೆ ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆಯನ್ನೇ ತಾತ್ಕಾಲಿಕವಾಗಿ ತೆಗೆದರು. ಯೂಬಿಸಾಫ್ಟ್ 2024ರಲ್ಲಿ ‘ದಿ ಕ್ರೂ’ ಆಟದ ಸರ್ವರ್ ಆಫ್ ಮಾಡಿ, ದುಡ್ಡು ಕೊಟ್ಟವರ ಕೈಯಲ್ಲಿದ್ದ ಆಟವನ್ನೇ ನಿರುಪಯೋಗಿ ಮಾಡಿದಾಗ, ಯುರೋಪಿನವರು ಸಹಿ ಸಂಗ್ರಹಕ್ಕೆ ಇಳಿದರು. 2025ರ ಜುಲೈಯಲ್ಲಿ ಸಹಿ ಹತ್ತು ಲಕ್ಷ ದಾಟಿತು. ಅವರು ಕೇಳಿದ್ದು ಒಂದೇ ಸಂಗತಿ, ಕಾನೂನಿನ ದಾರಿಯಲ್ಲಿ ಕೇಳಿದರು, ಬಿಡದೆ ಕೇಳಿದರು. ಇದನ್ನು ನಾನು ಸಭೆಯಲ್ಲಿ ಹೇಳಿದೆ. ಅದರಲ್ಲಿ ಡಿಪಿ ಇಡಲಿಕ್ಕೆ ಉಂಟಾ ಅಂತ ಖಜಾಂಚಿ ಕೇಳಿದ.

ಇನ್ನೊಂದು ಸುಲಭದ ದಾರಿಯನ್ನೂ ಹೇಳಿ ನೋಡಿದೆ. ಬಹಿಷ್ಕಾರ ಎಲ್ಲ ಬೇಡ ಮಾರಾಯ್ರೆ, ಆರು ತಿಂಗಳು ಕಾಯಿರಿ. ನಾಲ್ಕೈದು ಸಾವಿರದ ಆಟ ಅಷ್ಟರಲ್ಲಿ ಅರ್ಧಕ್ಕೆ ಬರುತ್ತದೆ, ತಪ್ಪುಗಳೂ ಸರಿಯಾಗಿರುತ್ತವೆ. ಮೊದಲ ವಾರದ ಮಾರಾಟ ಬಿದ್ದರೆ ಕಂಪೆನಿಯವನ ನಿದ್ದೆ ಹಾರಿಹೋಗುತ್ತದೆ. ಎಲ್ಲರೂ ನನ್ನನ್ನು ಹುಚ್ಚನ ಹಾಗೆ ನೋಡಿದರು. ಆರು ತಿಂಗಳು ಹಳೇ ಜೆರ್ಸಿಯಲ್ಲಿ ಆಡುವುದಾ? ಹೋರಾಟ ಬೇರೆ, ಮರ್ಯಾದೆ ಬೇರೆ.

ಕೊನೆಗೆ ಠರಾವು ಬರೆದರು. ದೊಡ್ಡ ಕಂಪೆನಿಗಳ ಎಲ್ಲ ಸರಣಿ ಆಟಗಳನ್ನು ಈ ಕೂಡಲೇ ಬಹಿಷ್ಕರಿಸುವುದು, ಆದರೆ ಈಗಾಗಲೇ ಪ್ರೀ-ಆರ್ಡರ್ ಮಾಡಿದವರಿಗೆ ವಿನಾಯಿತಿ ಕೊಡುವುದು, ಗಲ್ಫಿನಿಂದ ಬಂದ ಡಿಸ್ಕನ್ನು ಖರೀದಿ ಎಂದು ಪರಿಗಣಿಸದೆ ಕುಟುಂಬದ ಉಡುಗೊರೆ ಎಂದು ಪರಿಗಣಿಸುವುದು, ಸೆಂಟರಿನಲ್ಲಿ ಗಂಟೆ ಲೆಕ್ಕದಲ್ಲಿ ಆಡುವುದನ್ನು ಎದುರಾಳಿಯ ಅಧ್ಯಯನ ಎಂದು ತಿಳಿಯುವುದು, 2026ರ ವಿಶ್ವಕಪ್ ಮುಗಿಯುವ ತನಕ ಫುಟ್‌ಬಾಲ್ ಆಟಗಳನ್ನು ಠರಾವಿನಿಂದ ಹೊರಗಿಡುವುದು. ಮಾಷ್ಟ್ರು ಎದ್ದು, ಮೆನುವಿನಲ್ಲಿ ಕನ್ನಡ ಭಾಷೆ ಇರಬೇಕು ಅಂತ ಒಂದು ಸಾಲು ಸೇರಿಸಿ ಅಂದರು. ಗಡಿನಾಡಿನಲ್ಲಿ ಬೋರ್ಡಿಗೂ ಅರ್ಜಿ ಫಾರ್ಮಿಗೂ ಕನ್ನಡ ಕೇಳಿ ಕೇಳಿ ಅಭ್ಯಾಸವಾದವರು, ಅಮೆರಿಕದವರನ್ನು ಬಿಡುತ್ತಾರಾ? ಅದೊಂದು ಮಾತ್ರ ಚಪ್ಪಾಳೆಯೊಂದಿಗೆ ಅವಿರೋಧವಾಗಿ ಪಾಸಾಯಿತು.

ಕಾರ್ಯದರ್ಶಿ ಈ ಸಲ ಫುಟ್‌ಬಾಲ್ ಆಟದ ದುಬಾರಿ ಆವೃತ್ತಿಯನ್ನೇ ತಗೊಂಡಿದ್ದಾನೆ. ಅದನ್ನು ಕೊಂಡವರಿಗೆ ಒಂದು ವಾರ ಮೊದಲೇ ಆಡಲು ಬಿಡುತ್ತಾರೆ. ಎಲ್ಲರಿಗಿಂತ ಒಂದು ವಾರ ಮೊದಲೇ ಬಹಿಷ್ಕಾರ ಶುರು ಮಾಡಲಿಕ್ಕೆ ಅನುಕೂಲ ಅಂತೆ.

ಸೆಂಟರಿನ ಯಜಮಾನರು ಎಲ್ಲ ಮುಗಿಯುವ ತನಕ ಕೌಂಟರಿನಲ್ಲಿ ಕೂತು ಲೆಕ್ಕ ಬರೆಯುತ್ತಿದ್ದರು. ಸಭೆಗೆ ಬಂದವರೆಲ್ಲ ಆಮೇಲೆ ಒಂದೊಂದು ಮ್ಯಾಚ್ ಆಡಿಯೇ ಹೋದರು. ನಾನು ಹೊರಡುವಾಗ ಕರೆದು, “ಅಣ್ಣ, ಮುಂದಿನ ಸಭೆ ಶನಿವಾರ ಇಡಲಿಕ್ಕೆ ಹೇಳಿ,” ಅಂದರು. “ಶನಿವಾರ ರೇಟು ಗಂಟೆಗೆ ಇಪ್ಪತ್ತು ರೂಪಾಯಿ ಜಾಸ್ತಿ.”