ಪೊರೆ ಜರಡಿಯಲ್ಲ, ಬೇಕಾದರೆ ಮಿಡಿ ಜಾಡಿ ನೋಡಿ

ಜೀವಕೋಶದ ಪೊರೆ ಅಂದರೆ ಜರಡಿ, ಸಣ್ಣದನ್ನು ಬಿಡುತ್ತೆ, ದೊಡ್ಡದನ್ನು ತಡೆಯುತ್ತೆ ಅಂತ ಮಕ್ಕಳಿಗೆ ಹೇಳಿಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಉಪ್ಪಿನಲ್ಲಿರುವ ಸೋಡಿಯಂ ಅಯಾನು (ವಿದ್ಯುದಾವೇಶ ಹೊತ್ತ ಪರಮಾಣು) ನೀರಿನ ಅಣುವಿಗಿಂತ ಸಣ್ಣದು. ಆದರೂ ನೀರು ದಾಟುತ್ತೆ, ಅದು ದಾಟಲ್ಲ. ಪೊರೆ ಅಂದರೆ ಎರಡು ಪದರ ಕೊಬ್ಬು, ಅದರಲ್ಲಿನ ಪ್ರೋಟೀನ್ ಸೇರಿ ದಪ್ಪ ಸುಮಾರು 7-8 ನ್ಯಾನೋಮೀಟರ್. ಆವೇಶ ಹೊತ್ತು, ಮೈತುಂಬ ನೀರು ಅಂಟಿಸಿಕೊಂಡ ಅಯಾನಿಗೆ ಆ ಜಿಡ್ಡಿನಲ್ಲಿ ದಾರಿಯಿಲ್ಲ. ಆಮ್ಲಜನಕ ಸಲೀಸಾಗಿ ನುಸುಳುತ್ತೆ. ನೀರು ಕೊಬ್ಬಿನ ನಡುವೆಯೂ ನಿಧಾನಕ್ಕೆ ಜಿನುಗುತ್ತೆ, ಜೊತೆಗೆ ಅದಕ್ಕೆಂದೇ ಅಕ್ವಾಪೊರಿನ್ ಎಂಬ ಪ್ರೋಟೀನ್ ಕಿಂಡಿಗಳಿವೆ. ಅದನ್ನು ಪತ್ತೆಹಚ್ಚಿದ ಪೀಟರ್ ಆಗ್ರೆಗೆ 2003ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಮಲೆನಾಡಿನ ಸಾಗರ, ಹೊಸನಗರದ ಕಡೆ ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಕೆಜಿ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ), ಕಾಲು ಕೆಜಿ ಕಲ್ಲುಪ್ಪು, ಒಂದು ಹನಿ ನೀರೂ ಬೇಡ. ಎರಡು ಮೂರು ದಿನದಲ್ಲಿ ಜಾಡಿಯ ತಳದಲ್ಲಿ ನೀರು ನಿಂತಿರುತ್ತೆ. ಅಷ್ಟೂ ಮಿಡಿಯೊಳಗಿನದೇ. ಹೊರಗೆ ಉಪ್ಪು ಹೆಚ್ಚು, ಉಪ್ಪಿಗೆ ಒಳಗೆ ಬರಲಾಗದು, ಹಾಗಾಗಿ ನೀರೇ ಹೊರಗೆ ಹೋಗುತ್ತೆ. ಪಠ್ಯದ ಅಭಿಸರಣೆ ಇದೇ. (ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ಹಾಕಿದಾಗ ಆಗುವುದೂ ಇದೇ.) ಮಿಡಿ ಉಪ್ಪು ಕುಡಿಯಿತು ಅಂತೀವಲ್ಲ, ಕುಡಿಯುವುದು ಆಮೇಲೆ. ನೀರು ಕಳಕೊಂಡ ಕೋಶ ಸತ್ತು ಪೊರೆ ಹರಿದ ನಂತರವೇ ಉಪ್ಪು ಸರಾಗವಾಗಿ ಒಳಹೋಗುತ್ತೆ. ಮಿಡಿ ಪೂರ್ತಿ ಚಿರುಟಿದ ಮೇಲೇ ಖಾರ ಬೆರೆಸುವುದು ಅದಕ್ಕೇ.

ಬಡಿದು ಕೆಡವಿದ ಮಿಡಿ ಯಾಕೆ ಬೇಡ? ಕೋಶದೊಳಗೂ ಕೋಣೆಗಳಿವೆ, ಅವಕ್ಕೂ ಪೊರೆಯೇ ಗೋಡೆ. ಒಗರಿನ ರಸ ರಸದಾನಿ ಎಂಬ ಕೋಣೆಯಲ್ಲಿ, ಅದನ್ನು ಕಪ್ಪಾಗಿಸುವ ಕಿಣ್ವ ಬೇರೆಡೆ. ಪೆಟ್ಟು ಬಿದ್ದರೆ ಎರಡೂ ಕಲೆತು ಆ ಜಾಗ ಕಪ್ಪಾಗುತ್ತೆ, ಮೆತ್ತಗಾಗುತ್ತೆ, ಕೊಳೆ ಅಲ್ಲಿಂದಲೇ ಶುರು. ಮರ ಹತ್ತಿ ಕೊಯ್ದು ಬುಟ್ಟಿಯಲ್ಲಿ ಇಳಿಸಿದ, ತೊಟ್ಟು ಉಳಿದಿರುವ ಮಿಡಿಗೆ ಜಾಸ್ತಿ ದುಡ್ಡು ಕೇಳಿದರೆ ಚೌಕಾಸಿ ಮಾಡಬೇಡಿ.

ಮೇಲೆ ತೇಲುವ ಮಿಡಿಗೆ ಬೂಷ್ಟು ಬರುತ್ತೆ, ಗಾಳಿ ಸಿಗುತ್ತಲ್ಲ. ತೊಳೆದು ಒಣಗಿಸಿದ ಕಲ್ಲು ಹೇರಿ ಮುಳುಗಿಸಿ. ನೀರು ಸಾಲಲಿಲ್ಲ ಅಂತ ತಣ್ಣೀರು ಸುರಿಯಬೇಡಿ, ಉಪ್ಪು ಹಾಕಿ ಕುದಿಸಿ ಆರಿಸಿದ ನೀರೇ ಆಗಬೇಕು. ಕೊಳೆಸುವ ಬ್ಯಾಕ್ಟೀರಿಯಾಕ್ಕೂ ಪೊರೆ ಇದೆ, ಅದರ ನೀರನ್ನೂ ಎಳೆದು ಸುಮ್ಮನಾಗಿಸುವುದು ಇದೇ ಗಾಢ ಉಪ್ಪುನೀರು. ಬಿಪಿ ಇರುವವರು ಮಿಡಿ ಕಮ್ಮಿ ತಿನ್ನಿ, ಜಾಡಿಯ ಉಪ್ಪು ಮಾತ್ರ ಕಮ್ಮಿ ಮಾಡಬೇಡಿ.